ವಿಟ್ಲದ ಟೆಡ್ಡನ ಎಡಗಾಲು

ಮೊಣಕಾಲು ನೋವಿಗೆ ಡಾಕ್ಟರು ಮಾತ್ರೆಯ ಜೊತೆಗೆ ಅರ್ಧ ಗಂಟೆಯ ನಡಿಗೆಯನ್ನೂ ಬರೆದುಕೊಟ್ಟದ್ದರಿಂದ ನಾನೀಗ ಬೆಳಿಗ್ಗೆ ಬಂಟ್ವಾಳದ ಶಾಲಾ ಮೈದಾನಕ್ಕೆ ಸುತ್ತು ಹಾಕಲು ಹೋಗುತ್ತೇನೆ. ಅಲ್ಲಿ ಬರುವವರೆಲ್ಲ ದೇವಸ್ಥಾನಕ್ಕೆ ಬಂದವರ ಹಾಗೆ ಬಲಕ್ಕೆ ಸುತ್ತುತ್ತಾರೆ. ನಾನೊಬ್ಬನೇ ಎಡಕ್ಕೆ. ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಪ್ರತಿ ಸುತ್ತಿಗೂ ಎರಡು ಸಲ ನನಗೆ ಎದುರಾಗುತ್ತಾರೆ. ಮೊದಲ ವಾರ ನಕ್ಕರು. ಎರಡನೆಯ ವಾರ, "ಮಾಷ್ಟ್ರೇ, ನೀವು ಉಲ್ಟಾ ಬರ್ತಾ ಇದ್ದೀರಿ" ಎಂದರು. ಮೂರನೆಯ ವಾರ ನನ್ನ ಮಗಳಿಗೆ ಫೋನು ಮಾಡಿ, ಅಪ್ಪನ ತಲೆಯನ್ನು ಒಮ್ಮೆ ಯಾರಿಗಾದರೂ ತೋರಿಸುವುದು ಒಳ್ಳೆಯದು ಎಂದರಂತೆ.

ನನ್ನ ತಲೆ ಸರಿಯಾಗಿಯೇ ಉಂಟು. ಎಡಕ್ಕೆ ಸುತ್ತುವುದು ನನ್ನ ಹಳೆಯ ಅಭ್ಯಾಸ. ಇಂಗ್ಲೆಂಡಿನ ಸ್ಪೀಡ್‌ವೇ ಎಂಬ ಮೋಟಾರ್‌ಸೈಕಲ್ ಓಟದಲ್ಲಿ ಎಲ್ಲರೂ ಎಡಕ್ಕೇ ಸುತ್ತುತ್ತಾರೆ. ನಾನು ಆ ಓಟದ ಅಭಿಮಾನಿಯಾಗಿ ಅರವತ್ತು ವರ್ಷ ದಾಟಿತು. ಇಂಗ್ಲೆಂಡನ್ನು ನಾನು ನೋಡಿಲ್ಲ. ಮೋಟಾರ್‌ಸೈಕಲನ್ನು ಒಂದು ದಿನವೂ ಬಿಟ್ಟಿಲ್ಲ. ಬಂಟ್ವಾಳ ಪೇಟೆಗೆ ಇಳಿಯುವ ಜಾರಿನಲ್ಲಿ ಸೈಕಲನ್ನು ಕೂಡ ಇಳಿದು ಕೈಯಲ್ಲಿ ತಳ್ಳಿಕೊಂಡು ಬರುತ್ತಿದ್ದವ ನಾನು. ಆದರೆ ಅಭಿಮಾನಕ್ಕೂ ಧೈರ್ಯಕ್ಕೂ ಸಂಬಂಧ ಉಂಟೆಂದು ನಿಮಗೆ ಯಾರು ಹೇಳಿದರು?

ಅದು ಐವತ್ತರ ದಶಕ. ನಾನು ಬಂಟ್ವಾಳದಲ್ಲಿ ಕನ್ನಡ ಮಾಷ್ಟ್ರಾಗಿ ಸೇರಿ ಒಂದು ವರ್ಷವಾಗಿತ್ತಷ್ಟೆ. ಒಂದು ಶನಿವಾರ ಮಂಗಳೂರಿನಿಂದ ಸೈಕಲಿನಲ್ಲಿ ಮರಳುವಾಗ ಫರಂಗಿಪೇಟೆಯಲ್ಲಿ ಹಿಂದಿನ ಚಕ್ರ ಪಂಚರಾಯಿತು. ಮಾರ್ಗದ ಬದಿಯಲ್ಲೇ ಒಂದು ಸೈಕಲ್ ಶಾಪು. ಅದರ ಯಜಮಾನನ ಹೆಸರು ಮಹಮ್ಮದ್. ಆದರೆ ಹಾಗೆ ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಮೋನಾಕ. ಬ್ಯಾರಿ ಭಾಷೆಯಲ್ಲಿ ಮರ್ಯಾದೆಯಿಂದ ಕರೆಯುವ ರೀತಿ ಅದು. ನಲವತ್ತರ ಆಸುಪಾಸು, ಎಡಗಾಲು ತುಸು ಕುಂಟು. ಮೊದಲು ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡಿದ್ದವರು.

ಅವರು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಿದ್ದಾಗ ನಾನು ಗೋಡೆ ನೋಡುತ್ತಾ ನಿಂತಿದ್ದೆ. ಅಲ್ಲಿ ಯಾವುದೋ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಒಂದು ಚಿತ್ರವಿತ್ತು. ಒಬ್ಬ ಬಿಳಿಯ ಮನುಷ್ಯ ಮೋಟಾರ್‌ಸೈಕಲಿನ ಮೇಲೆ ಪೂರ್ತಿ ಎಡಕ್ಕೆ ವಾಲಿ, ಎಡಗಾಲನ್ನು ನೆಲಕ್ಕೆ ಚಾಚಿದ್ದ. ಮುಂದಿನ ಚಕ್ರ ಒಂದು ದಿಕ್ಕಿಗೆ, ಹಿಂದಿನದು ಇನ್ನೊಂದು ದಿಕ್ಕಿಗೆ. ಸುತ್ತ ಮೋಡದ ಹಾಗೆ ಎದ್ದ ಕಪ್ಪು ಬೂದಿ.

"ಪಾಪ, ಬೀಳ್ತಾ ಇದ್ದಾನೆ" ಎಂದೆ.

"ಬೀಳುವುದಲ್ಲ ಮಾಷ್ಟ್ರೇ, ತಿರುಗುವುದು" ಎಂದರು ಮೋನಾಕ, ತಲೆ ಎತ್ತದೆ.

"ಇದೆಂಥ ತಿರುಗುವುದು? ಬ್ರೇಕ್ ಹಾಕಿ ಮೆಲ್ಲನೆ ತಿರುಗಬಾರದಾ?"

ಮೋನಾಕ ಟ್ಯೂಬನ್ನು ಕೆಳಗಿಟ್ಟರು. ಈ ಪ್ರಶ್ನೆ ಕೇಳುವ ಮನುಷ್ಯನಿಗಾಗಿ ಅವರು ಎಷ್ಟೋ ವರ್ಷದಿಂದ ಕಾದಿದ್ದರೆಂದು ನನಗೆ ಆಗ ಗೊತ್ತಿರಲಿಲ್ಲ. "ಇದಕ್ಕೆ ಬ್ರೇಕೇ ಇಲ್ಲ ಮಾಷ್ಟ್ರೇ" ಎಂದರು.

ಪಂಚರು ಅಲ್ಲಿಗೇ ನಿಂತಿತು. ನನ್ನನ್ನು ಪಕ್ಕದ ಚಾದಂಗಡಿಗೆ ಕರೆದುಕೊಂಡು ಹೋಗಿ ನಾಲ್ಕು ಚಾ ತರಿಸಿದರು. ನಾವು ಇಬ್ಬರಲ್ಲವಾ ಎಂದರೆ, "ಓಡುವವರು ನಾಲ್ಕು ಜನ" ಎಂದರು. ನಾಲ್ಕು ಗ್ಲಾಸುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಓಟ ಆರಂಭಿಸಿದರು. ನಾಲ್ಕು ಜನ, ನಾಲ್ಕು ಸುತ್ತು, ಬೂದಿ ಹಾಸಿದ ಮೊಟ್ಟೆಯಾಕಾರದ ದಾರಿ. ಗಾಡಿಗೆ ಒಂದೇ ಗೇರು, ಬ್ರೇಕು ಇಲ್ಲ. ತಿರುವಿನಲ್ಲಿ ಗಾಡಿಯನ್ನು ಜಾರಿಸಿಯೇ ತಿರುಗಿಸಬೇಕು. ಅದಕ್ಕೆ ಎಡಗಾಲಿನ ಬೂಟಿನಡಿಗೆ ಕಬ್ಬಿಣದ ಲಾಳ. ಗ್ಲಾಸುಗಳು ಮೇಜನ್ನು ಸುತ್ತಿದವು. ಒಂದು ಇನ್ನೊಂದರ ಒಳಬದಿಯಿಂದ ನುಗ್ಗಿತು. ಮೂರನೆಯದು ಬೇಲಿಗೆ ಬಡಿಯಿತು, ಅಂದರೆ ಸಕ್ಕರೆ ಡಬ್ಬಿಗೆ. ಚಾ ಚೆಲ್ಲಿತು. ಅಂಗಡಿಯಲ್ಲಿದ್ದ ಆರೇಳು ಜನ ಬೆಂಚು ಬಿಟ್ಟು ಬಂದು ಸುತ್ತ ನಿಂತರು. ಅಂತೂ ಅರ್ಧ ಗಂಟೆಯ ಮೇಲೆ ಒಂದು ಗ್ಲಾಸು ಗೆದ್ದಿತು. ನನಗೆ ಬೆವರು ಬಂದಿತ್ತು.

ನಮ್ಮ ಊರಿನವರಿಗೆ ತಾಳಮದ್ದಳೆ ಗೊತ್ತು. ವೇಷವಿಲ್ಲದೆ, ಕುಣಿತವಿಲ್ಲದೆ, ಚಾಪೆಯ ಮೇಲೆ ಕುಳಿತ ಮುದುಕರು ಬರೀ ಮಾತಿನಲ್ಲಿ ಮಹಾಯುದ್ಧ ಮಾಡಿ ಸಾವಿರ ತಲೆ ಉರುಳಿಸುತ್ತಾರೆ. ಮೋನಾಕ ಮಾಡುತ್ತಿದ್ದದ್ದು ಸ್ಪೀಡ್‌ವೇ ತಾಳಮದ್ದಳೆ.

ಗೆದ್ದ ಗ್ಲಾಸೇ ಗೋಡೆಯ ಮೇಲಿದ್ದ ಮನುಷ್ಯ. ಹೆಸರು ಟೆಡ್ ವಿಟ್ಲಿ. ಇಂಗ್ಲೆಂಡಿನ ಉತ್ತರದ ಒಂದು ಬಂದರು ಊರಿನ ತಂಡದವನು. ಎದೆಯ ಮೇಲೆ ಕೊಕ್ಕರೆಯ ಗುರುತು. ಮೋನಾಕನ ಕಾಲು ಮುರಿದಾಗ ಹಡಗು ಅವರನ್ನು ಆ ಊರಿನಲ್ಲೇ ಬಿಟ್ಟು ಹೋಗಿತ್ತಂತೆ. "ಚಳಿಗಾಲವಿಡೀ ಅಲ್ಲೇ ಇದ್ದೆ. ಶುಕ್ರವಾರ ಬಂದ್ರೆ ಓಟ. ಎರಡನೇ ತಿರುವಿನಲ್ಲಿ ಬೇಲಿಗೆ ತಾಗಿ ನಿಲ್ಲುವುದು. ಬೂದಿ ಬಾಯಿಗೇ ಬೀಳ್ತಿತ್ತು" ಎಂದರು.

ಆ ಊರಿನ ಸ್ನೇಹಿತ ಆಲ್ಬರ್ಟ್ ಎಂಬವನು ಈಗಲೂ ಓಟದ ವಾರಪತ್ರಿಕೆಗಳನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದ. ಕಟ್ಟು ಹಡಗಿನಲ್ಲಿ ಬೊಂಬಾಯಿಗೆ, ಅಲ್ಲಿಂದ ಸ್ಟೀಮರಿನಲ್ಲಿ ಮಂಗಳೂರಿನ ಬಂದರಿಗೆ, ಅಲ್ಲಿಂದ ಬಸ್ಸಿನ ತಲೆಯ ಮೇಲೆ ಒಣಮೀನಿನ ಬುಟ್ಟಿಗಳ ನಡುವೆ ಫರಂಗಿಪೇಟೆಗೆ ಬರುತ್ತಿತ್ತು. ಮೋನಾಕನ ಇಂಗ್ಲಿಷು ಬಾಯಿಯದ್ದು, ಓದಲು ಬಾರದು. ನನ್ನದು ಓದುವ ಇಂಗ್ಲಿಷು, ಬಾಯಿಗೆ ಬಾರದು. ಹೀಗೆ ಎರಡು ಅರ್ಧ ಸೇರಿ ಒಂದು ಅಭಿಮಾನಿ ಬಳಗವಾಯಿತು. ನಾವು ಓದುವ ಸುದ್ದಿಗೆ ಒಂದೂವರೆ ತಿಂಗಳು ತುಂಬಿರುತ್ತಿತ್ತು, ಒಣಮೀನಿನ ವಾಸನೆಯೂ ಇರುತ್ತಿತ್ತು. ಆದರೂ ನಾವು ಉಗುರು ಕಚ್ಚಿಕೊಂಡೇ ಓದುತ್ತಿದ್ದೆವು.

ನಮ್ಮ ಬಳಗಕ್ಕೆ ಮೂರನೆಯವರು ಸೇರಿದ್ದು ನಾನು ಎಣಿಸದ ಕಡೆಯಿಂದ. ನನ್ನ ತಾಯಿಯ ಅಕ್ಕ, ಕಲ್ಯಾಣಿ ದೊಡ್ಡಮ್ಮ, ಮೂಡಬಿದ್ರೆಯಲ್ಲಿ ಊಟದ ಹೋಟೆಲು ನಡೆಸುತ್ತಿದ್ದಳು. ಗಂಡ ತೀರಿದ ಮೇಲೆ ಒಬ್ಬಳೇ ನಿಂತು ಕಟ್ಟಿದ ಹೋಟೆಲು. ಅಕ್ಷರ ಬರುತ್ತಿರಲಿಲ್ಲ. ಆದರೆ ಅವಳ ಎದುರು ಸುಳ್ಳು ಹೇಳಿ ಎರಡನೆಯ ಸಲ ಗಂಜಿ ಬಡಿಸಿಕೊಂಡವರನ್ನು ನಾನು ಕಂಡಿಲ್ಲ. ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಪತ್ರಿಕೆಯೂ ಜೊತೆಗಿತ್ತು. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಅವಳು ಕೈ ಒರಸುತ್ತಾ ಬಂದು ಚಿತ್ರ ನೋಡಿದಳು.

"ಇವ ಯಾರಾ?"

"ಟೆಡ್ ವಿಟ್ಲಿ ಅಂತ ದೊಡ್ಡಮ್ಮ."

"ವಿಟ್ಲದವನಾ? ಯಾವ ಮನೆಯವ?"

ವಿಟ್ಲವೆಂದರೆ ನಮಗೆ ಹತ್ತಿರದ ಊರು. ಇದು ಇಂಗ್ಲೆಂಡಿನ ವಿಟ್ಲಿ ಎಂದು ನಾನು ಬಿಡಿಸಿ ಹೇಳಿದರೂ ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿಗೆ ಬ್ರೇಕಿಲ್ಲ ಎಂದಾಗ ಮಾತ್ರ ಕುಳಿತಳು.

"ಬ್ರೇಕಿಲ್ಲದ್ದು ಅವನ ತಾಯಿಗೆ ಗೊತ್ತುಂಟಾ?"

"ಗೊತ್ತಿರಬಹುದು."

"ಗೊತ್ತಿದ್ದೂ ಬಿಟ್ಟಿದ್ದಾಳಾ? ಎಂಥ ತಾಯಿ ಅವಳು?" ಎಂದು ಹೇಳಿ, ಅಡುಗೆಮನೆಯ ಕಡೆ ಹೊರಟವಳು ತಿರುಗಿ ನಿಂತು, "ಗೆದ್ದನಾ?" ಎಂದು ಕೇಳಿದಳು.

ಗೆದ್ದ ಎಂದೆ. ಅಂದಿನಿಂದ ಅವನು ಅವಳಿಗೆ ವಿಟ್ಲದ ಟೆಡ್ಡನಾದ. ಮೂಡಬಿದ್ರೆಗೆ ಹೋದಾಗಲೆಲ್ಲ ಮೊದಲು ಅವನ ಸುಖದುಃಖ, ಆಮೇಲೆ ನನ್ನದು. ಹೋಟೆಲಿಗೆ ಬರುತ್ತಿದ್ದ ಪುರೋಹಿತ ಭಟ್ಟರೊಬ್ಬರು ಒಮ್ಮೆ ಇದನ್ನೆಲ್ಲ ಕೇಳಿ, "ಎಡಕ್ಕೆ ಸುತ್ತುವುದೆಂದರೆ ಅಪ್ರದಕ್ಷಿಣೆ. ಅದು ಪಿತೃಕಾರ್ಯಕ್ಕೆ ಮಾತ್ರ. ಒಳ್ಳೆಯದಾಗ್ಲಿಕ್ಕಿಲ್ಲ" ಎಂದರು. ದೊಡ್ಡಮ್ಮ ಅವರ ಎಲೆಗೆ ಸಾರು ಬಡಿಸುತ್ತಾ, "ನಿಮ್ಮ ಗಾಣದ ಎತ್ತು ಎಷ್ಟು ವರ್ಷದಿಂದ ಬಲಕ್ಕೆ ಸುತ್ತಿತು ಭಟ್ರೇ, ಅದಕ್ಕೆಂಥ ಮೋಕ್ಷ ಆಯ್ತು?" ಎಂದಳು.

ಆದರೆ ಭಟ್ಟರ ನಾಲಗೆಯಲ್ಲಿ ಏನೋ ಇತ್ತು. ಮರುವರ್ಷ ಮೇ ತಿಂಗಳ ಕೊನೆಗೆ ಬಂದ ಕಟ್ಟಿನಲ್ಲಿ ಒಂದು ಸಣ್ಣ ಸುದ್ದಿ. ಟೆಡ್ ವಿಟ್ಲಿ ಮೊದಲ ತಿರುವಿನಲ್ಲಿ ಬಿದ್ದಿದ್ದಾನೆ. ಹಿಂದಿನ ಗಾಡಿ ಅವನ ಎಡಗಾಲಿನ ಮೇಲೆ ಹೋಗಿದೆ. ಎಲುಬು ಎರಡು ಕಡೆ ಮುರಿದಿದೆ. ಕೊನೆಯ ಸಾಲು, ಅವನು ಮತ್ತೆ ಗಾಡಿ ಹತ್ತುವುದು ಸಂಶಯ.

ನಾನು ಓದಿ ಹೇಳಿದೆ. ಮೋನಾಕ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, ತಮ್ಮ ಎಡ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕುಳಿತರು. ಗಿರಾಕಿಯೊಬ್ಬ ಗಾಳಿ ಹಾಕಿಸಲು ಬಂದವನು ಸ್ವಲ್ಪ ಹೊತ್ತು ನಿಂತು, ತಾನೇ ಪಂಪು ತೆಗೆದು ಗಾಳಿ ಹಾಕಿಕೊಂಡು ಹೋದ.

ಮುಂದಿನ ಸುದ್ದಿಗೆ ಕಾಯಬೇಕು. ಆದರೆ ಮಳೆಗಾಲದಲ್ಲಿ ಬೊಂಬಾಯಿ ಸ್ಟೀಮರು ಬರುವುದಿಲ್ಲ, ಬಂದರಿಗೆ ನಾಲ್ಕು ತಿಂಗಳು ಬೀಗ. ಟೆಡ್ಡನ ಕಾಲು ಅಕ್ಟೋಬರದವರೆಗೆ ಮುರಿದೇ ಇರಬೇಕು.

ದೊಡ್ಡಮ್ಮನಿಗೆ ವಿಷಯ ತಿಳಿದ ದಿನವೇ ಅವಳು ಊರಿನ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡಳು. ಹುಡುಗ ಎದ್ದು ನಡೆದರೆ ಬೆಳ್ಳಿಯ ಕಾಲು ಒಪ್ಪಿಸುತ್ತೇನೆ ಎಂದು. ಅಷ್ಟಕ್ಕೇ ಬಿಡಲಿಲ್ಲ. "ದೇವರು ಅವರಷ್ಟಕ್ಕೆ ಮಾಡ್ತಾರೆ. ನಾವು ನಮ್ಮದು ಮಾಡುವ. ಕಕ್ಕಿಂಜೆಯಲ್ಲಿ ಎಲುಬಿನ ಪಂಡಿತರಿದ್ದಾರಲ್ಲ, ಅವರ ಎಣ್ಣೆ ಕಳಿಸು" ಎಂದಳು.

ನಾನೂ ಮೋನಾಕನೂ ಬೆಳ್ತಂಗಡಿಯ ಬಸ್ಸು ಹಿಡಿದೆವು. ಲಾಯಿಲದಲ್ಲಿ ಬಸ್ಸು ಕೆಟ್ಟು ಎರಡು ಗಂಟೆ ನಿಂತಿತು. ಮೋನಾಕ ಕೆಳಗಿಳಿದು ಇಂಜಿನಿನೊಳಗೆ ಇಣುಕಿ ಡ್ರೈವರನಿಗೆ ಬುದ್ಧಿ ಹೇಳಿದರು. ಕಕ್ಕಿಂಜೆ ತಲಪುವಾಗ ಮಧ್ಯಾಹ್ನವಾಗಿತ್ತು.

ಪಂಡಿತರು ಮನೆಯ ಜಗಲಿಯಲ್ಲಿ ಕುಳಿತು ಬೇರು ಜಜ್ಜುತ್ತಿದ್ದರು. "ರೋಗಿ ಎಲ್ಲಿ?" ಎಂದರು.

"ಇಂಗ್ಲೆಂಡಿನಲ್ಲಿ" ಎಂದೆ.

"ಕರ್ಕೊಂಡು ಬನ್ನಿ. ಎಲುಬು ಮುಟ್ಟದೆ ನಾನು ಎಣ್ಣೆ ಕೊಡುವುದಿಲ್ಲ."

ನಾನು ಪತ್ರಿಕೆಯ ಚಿತ್ರ ತೆಗೆದು ತೋರಿಸಿದೆ. ಪಂಡಿತರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ತಲೆಕೆಳಗೆ ಮಾಡಿ ನೋಡಿದರು. ಅದು ಟೆಡ್ಡ ಸರಿಯಿದ್ದಾಗ ತೆಗೆದ ಚಿತ್ರ. ಎಂದಿನ ಹಾಗೆ ಎಡಕ್ಕೆ ವಾಲಿ, ಕಾಲು ಚಾಚಿ.

"ಛೆ, ಸೊಂಟವೂ ಹೋಗಿದೆಯಲ್ಲ" ಎಂದರು ಪಂಡಿತರು.

"ಇಲ್ಲ ಪಂಡಿತ್ರೇ, ಅವನು ಯಾವಾಗಲೂ ಹಾಗೆಯೇ ಕೂರುವುದು" ಎಂದರು ಮೋನಾಕ.

"ಹಾಗೆ ಕೂತ್ರೆ ಕಾಲು ಮುರಿಯದೆ ಇನ್ನೇನಾಗ್ತದೆ?" ಪಂಡಿತರು ಚಿತ್ರವನ್ನು ಮರಳಿಸಿ ಮೋನಾಕನ ಕಾಲಿನ ಕಡೆ ನೋಡಿದರು. "ನಿಮ್ಮದೂ ಮುರಿದದ್ದೇ. ಯಾರು ಕಟ್ಟಿದ್ದು?"

"ಅದೇ ಊರಿನ ಆಸ್ಪತ್ರೆಯವರು."

ಪಂಡಿತರು ಮೋನಾಕನ ಮೊಣಕಾಲನ್ನು ಒತ್ತಿ ನೋಡಿ ನಿಟ್ಟುಸಿರುಬಿಟ್ಟರು. "ಅಲ್ಲಿಯವರು ಹೀಗೆ ಕಟ್ಟುವುದಾದ್ರೆ ಆ ಹುಡುಗನಿಗೆ ಎಣ್ಣೆ ಬೇಕೇ ಬೇಕು" ಎಂದು ಒಳಗೆ ಹೋಗಿ ದೊಡ್ಡ ಬಾಟ್ಲಿ ತುಂಬಿಸಿ ತಂದರು. ಅದರ ವಾಸನೆಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಮರಳುವಾಗ ಬಸ್ಸಿನಲ್ಲಿ ನಮ್ಮ ಮುಂದಿನ ಎರಡು ಸೀಟು, ಹಿಂದಿನ ಎರಡು ಸೀಟು ಖಾಲಿಯಾಗಿಯೇ ಇದ್ದವು.

ಬಾಟ್ಲಿಯನ್ನು ಗೋಣಿಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಕೊಕ್ಕರೆ ತಂಡದ ವಿಳಾಸಕ್ಕೆ ಪಾರ್ಸೆಲು ಮಾಡಿ, ದುಬಾರಿಯಾದರೂ ರೈಲಿನ ಅಂಚೆಗೆ ಹಾಕಿದೆವು. ಜೊತೆಗೆ ಒಂದು ಪತ್ರ. ಅದನ್ನು ನಾನು ಮೂರು ದಿನ ಬರೆದೆ. ಕನ್ನಡ ಮಾಷ್ಟ್ರು ಇಂಗ್ಲಿಷಿನಲ್ಲಿ ಬರೆದರೆ ಹೇಗಿರುತ್ತದೆಯೋ ಹಾಗೆಯೇ ಇತ್ತು. ಎಣ್ಣೆ ಹಚ್ಚುವ ಕ್ರಮ, ಹುಳಿ ತಿನ್ನಬಾರದು, ತಣ್ಣೀರು ಮುಟ್ಟಬಾರದು ಎಂಬ ಪಥ್ಯ, ದೊಡ್ಡಮ್ಮನ ಆಶೀರ್ವಾದ, ಅವನ ತಾಯಿಗೆ ಅವಳದೊಂದು ಬೈಗುಳ (ಅದನ್ನು ನಾನು ಮೆತ್ತಗೆ ಮಾಡಿದ್ದೆ). ಕೊನೆಗೆ, ಇದು ಯಾರೋ ಗುರುತಿಲ್ಲದವರ ಪತ್ರವಲ್ಲ ಎಂದು ತಿಳಿಯಲೆಂದು, ನಮ್ಮ ಸ್ನೇಹಿತ ಮಹಮ್ಮದರು ನಿಮ್ಮ ಊರಿನಲ್ಲಿ ಡಿಸೆಂಬರದಿಂದ ಮಾರ್ಚಿಯವರೆಗೆ ಪ್ರತಿ ಶುಕ್ರವಾರ ಎರಡನೆಯ ತಿರುವಿನಲ್ಲಿ ನಿಂತು ನಿಮ್ಮ ಓಟ ನೋಡಿದವರು ಎಂದು ಬರೆದೆ. ಮೋನಾಕ ಆ ದಿನ ಅಂಗಡಿಯಲ್ಲಿರಲಿಲ್ಲ. ಇದ್ದಿದ್ದರೆ ಆ ಸಾಲು ಹೊಡೆದುಹಾಕಿಸುತ್ತಿದ್ದರೇನೋ.

ಅಕ್ಟೋಬರದಲ್ಲಿ ಸ್ಟೀಮರು ಬಂತು, ಕಟ್ಟು ಬಂತು. ಇಬ್ಬರೂ ಕುಳಿತು ಒಂದೊಂದೇ ಪುಟ ಮಗುಚಿದೆವು. ತಂಡದ ಪಟ್ಟಿಯಲ್ಲಿ ಟೆಡ್ಡನ ಹೆಸರು ಇರಲಿಲ್ಲ. ಬಿದ್ದ ಸುದ್ದಿಯಿಲ್ಲ, ಎದ್ದ ಸುದ್ದಿಯಿಲ್ಲ. ಅವನ ಜಾಗದಲ್ಲಿ ಇನ್ಯಾವನೋ ಓಡುತ್ತಿದ್ದ, ಚೆನ್ನಾಗಿಯೇ ಓಡುತ್ತಿದ್ದ. ನಮಗೆ ಅದು ಇನ್ನಷ್ಟು ಬೇಸರ ತಂದಿತು.

ಉತ್ತರ ಬಂದದ್ದು ಡಿಸೆಂಬರದಲ್ಲಿ. ಬಂಟ್ವಾಳದ ಅಂಚೆಯಣ್ಣ ರಾಣಿಯ ತಲೆಯಿದ್ದ ಲಕೋಟೆಯನ್ನು ಹಿಡಿದುಕೊಂಡು ನೇರ ನನ್ನ ತರಗತಿಗೇ ಬಂದ. ನಾನು ಒಡೆಯಲಿಲ್ಲ. ಮೂವರೂ ಇರುವಲ್ಲಿ ಓದಬೇಕೆಂದು, ಮರುದಿನ ಮೋನಾಕನನ್ನು ಕರೆದುಕೊಂಡು ಮೂಡಬಿದ್ರೆಗೆ ಹೋದೆ. ದೊಡ್ಡಮ್ಮ ಆ ಮಧ್ಯಾಹ್ನ ಹೋಟೆಲಿನ ಬಾಗಿಲನ್ನು ಅರ್ಧ ಮುಚ್ಚಿದಳು. ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬರೆದದ್ದು ಟೆಡ್ಡನ ಹೆಂಡತಿ. ನಾನು ಒಂದೊಂದೇ ಸಾಲು ಓದಿ ತುಳುವಿನಲ್ಲಿ ಹೇಳುತ್ತಾ ಹೋದೆ. ಟೆಡ್ಡ ಎದ್ದಿದ್ದಾನೆ, ನಡೆಯುತ್ತಾನೆ. ಕಾಲು ಮಾತ್ರ ಅರ್ಧ ಇಂಚು ಗಿಡ್ಡವಾಗಿದೆ. ಇನ್ನು ಓಟಕ್ಕೆ ಇಳಿಯುವುದಿಲ್ಲ. ಎಣ್ಣೆ ತಲಪಿದೆ, ಅಂಚೆಯವ ಅದನ್ನು ಬಾಗಿಲಲ್ಲಿಟ್ಟು ಓಡಿಹೋದ. ಟೆಡ್ಡ ಒಂದು ಸಲ ಹಚ್ಚಿಕೊಂಡಾಗ ನಾಯಿ ಎರಡು ದಿನ ಮನೆಯೊಳಗೆ ಬರಲಿಲ್ಲ. ಆದರೆ ನನ್ನ ತಾಯಿ, ಅಂದರೆ ಟೆಡ್ಡನ ಅತ್ತೆ, ಅದನ್ನು ತನ್ನ ಮೊಣಕಾಲಿಗೆ ಹಚ್ಚಿ ಈಗ ಮೆಟ್ಟಿಲು ಹತ್ತುತ್ತಾಳೆ, ದಿನಕ್ಕೆ ನಾಲ್ಕು ಸಲ ನಮ್ಮ ಕೋಣೆಗೆ ಬರುತ್ತಾಳೆ. ಇದಕ್ಕೆ ನಿಮಗೆ ವಂದನೆ ಹೇಳಬೇಕೋ ಬೇಡವೋ ಎಂದು ಟೆಡ್ಡ ಇನ್ನೂ ಯೋಚಿಸುತ್ತಿದ್ದಾನೆ. ಅವನಿಗೀಗ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿದೆ.

"ಬಸ್ಸಿಗೆ ಬ್ರೇಕ್ ಉಂಟಲ್ಲ?" ಎಂದಳು ದೊಡ್ಡಮ್ಮ.

"ಉಂಟು."

"ಹಾಗಾದ್ರೆ ಸಾಕು. ಮುಂದೆ ಓದು."

ಮುಂದಿನ ಸಾಲಿಗೆ ಬಂದೆ. ಕಣ್ಣಾಡಿಸಿದೆ. ಅದನ್ನು ಬಿಟ್ಟು ಅದರ ನಂತರದ್ದನ್ನು ಓದಿದೆ. ಬರುವ ವರ್ಷದಿಂದ ತಂಡವೇ ಇರುವುದಿಲ್ಲವಂತೆ, ಜನ ಬರುವುದು ಕಡಿಮೆಯಾಗಿ ಓಟದ ಜಾಗ ಮಾರಿದ್ದಾರೆ, ಅಲ್ಲಿ ಮನೆ ಕಟ್ಟುತ್ತಾರೆ, ಇಂತಿ ನಮಸ್ಕಾರಗಳು.

"ನಡುವೆ ಒಂದು ಗೆರೆ ನುಂಗಿದೆ ನೀನು" ಎಂದಳು ದೊಡ್ಡಮ್ಮ.

"ಇಲ್ಲ ದೊಡ್ಡಮ್ಮ."

"ನನಗೆ ಓದ್ಲಿಕ್ಕೆ ಬರುವುದಿಲ್ಲ, ಸಂಜೀವ. ಬೇರೆಯವರು ಓದಿದ್ದನ್ನು ಕೇಳಿಯೇ ಇಷ್ಟು ವರ್ಷ ಕಳೆದದ್ದು. ನುಂಗಿದ್ದನ್ನು ಓದು."

ಬೇರೆ ದಾರಿ ಇರಲಿಲ್ಲ. ಓದಿದೆ. 'ನಿಮ್ಮ ಸ್ನೇಹಿತ ಮಹಮ್ಮದರ ಕಣ್ಣು ಬಹಳ ಒಳ್ಳೆಯದಿರಬೇಕು ಎಂದು ಟೆಡ್ ಹೇಳುತ್ತಾನೆ. ಯಾಕೆಂದರೆ ನಮ್ಮಲ್ಲಿ ಓಟ ನಡೆಯುವುದು ಏಪ್ರಿಲಿನಿಂದ ಅಕ್ಟೋಬರದವರೆಗೆ ಮಾತ್ರ. ಡಿಸೆಂಬರದಲ್ಲಿ ಎರಡನೆಯ ತಿರುವಿನಲ್ಲಿ ಮಂಜು ಬಿಟ್ಟರೆ ಏನೂ ಇರುವುದಿಲ್ಲ.'

ನನಗೆ ಸಿಟ್ಟು ಬಂದದ್ದು ಮೋನಾಕನ ಮೇಲೋ ನನ್ನ ಮೇಲೋ ಈಗಲೂ ಹೇಳಲಾರೆ. ಎರಡು ವರ್ಷದ ಪತ್ರಿಕೆಗಳನ್ನು ಸಾಲು ಬಿಡದೆ ಓದಿದ್ದವ ನಾನು. ಚಳಿಗಾಲದ ಸಂಚಿಕೆಗಳಲ್ಲಿ ಬರೀ ಹಳೆಯ ಕತೆ, ಹಳೆಯ ಚಿತ್ರ ಇರುತ್ತಿದ್ದದ್ದನ್ನು ಕಂಡು, ಸಂಪಾದಕರು ರಜೆಯಲ್ಲಿದ್ದಾರೆ ಎಂದುಕೊಂಡಿದ್ದೆ. ಮಕ್ಕಳಿಗೆ ಗಮನವಿಟ್ಟು ಓದಿ ಎಂದು ಕಿವಿ ಹಿಂಡುತ್ತಿದ್ದ ಮಾಷ್ಟ್ರು.

ಮೋನಾಕ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದರು.

"ನಾನು ನೋಡ್ಲಿಲ್ಲ ಅಮ್ಮ. ಒಂದು ಓಟವೂ ನೋಡ್ಲಿಲ್ಲ" ಎಂದರು.

ಅವರೇ ಮುಂದುವರಿಸಿದರು. "ನವೆಂಬರಿನಲ್ಲಿ ಇಂಜಿನ್ ಕೋಣೆಯ ಏಣಿಯಿಂದ ಬಿದ್ದದ್ದು. ಆಸ್ಪತ್ರೆಯಲ್ಲಿ ಹಾಕಿದ್ರು. ಭಾಷೆ ಸರಿ ಬರುವುದಿಲ್ಲ, ಗುರುತಿನವರು ಯಾರೂ ಇಲ್ಲ. ಕಾಲನ್ನು ಮೇಲೆ ಕಟ್ಟಿ ತೂಗಹಾಕಿದ್ರು, ನಾಲ್ಕು ತಿಂಗಳು. ಪಕ್ಕದ ಮಂಚದಲ್ಲಿ ಆಲ್ಬರ್ಟ್ ಇದ್ದ. ಬಂದರಿನಲ್ಲಿ ಮೂಟೆ ಹೊರುವವ, ಸೊಂಟ ಜಜ್ಜಿ ಹೋಗಿತ್ತು. ಅವನಿಗೆ ಈ ಓಟದ ಹುಚ್ಚು. ಮದ್ದು ಕುಡಿಯುವ ಗ್ಲಾಸು ನಾಲ್ಕು ಇಟ್ಟುಕೊಂಡು ದಿನಾ ಸಂಜೆ ಓಡಿಸ್ತಿದ್ದ. ನನಗೆ ಅಳು ಬಂದ ದಿನ ಎರಡು ಓಟ ಜಾಸ್ತಿ ಓಡಿಸ್ತಿದ್ದ. ಕಿಟಕಿಯಿಂದ ಆ ಜಾಗದ ದೀಪದ ಕಂಬಗಳು ಕಾಣ್ತಿದ್ದವು, ಅಷ್ಟೇ. ಏಪ್ರಿಲಿಗೆ ಸುರು ಆಗ್ತದೆ, ಇಬ್ಬರೂ ಹೋಗುವ ಅಂತ ಹೇಳಿದ್ದ. ಮಾರ್ಚಿ ಕೊನೆಗೆ ನನ್ನನ್ನು ಹಡಗು ಹತ್ತಿಸಿ ಕಳಿಸಿದ್ರು."

"ಮತ್ತೆ ನೋಡಿದೆ ಅಂತ ಯಾಕೆ ಹೇಳಿದ್ದು?" ಎಂದು ಕೇಳಿದೆ. ನನ್ನ ಧ್ವನಿ ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿತು.

"ಯಾರೋ ಹೇಳಿದ್ದು ಅಂದ್ರೆ ನೀವು ಕೂರ್ತಿದ್ರಾ ಮಾಷ್ಟ್ರೇ? ಪಂಚರು ಹಾಕಿಸಿ ಹೋಗ್ತಿದ್ರಿ."

ಅವರು ಎದ್ದು ಟೊಪ್ಪಿ ಹಾಕಿಕೊಂಡು ಬಾಗಿಲ ಕಡೆ ಹೊರಟರು.

"ಎಲ್ಲಿಗೆ?" ಎಂದಳು ದೊಡ್ಡಮ್ಮ.

"ಬಸ್ಸಿಗೆ ಹೊತ್ತಾಯ್ತು ಅಮ್ಮ."

"ಬಸ್ಸು ನಾಲ್ಕು ಗಂಟೆಗೆ. ಕೂತ್ಕೊಳ್ಳಿ." ಅವಳು ನನ್ನ ಕಡೆ ತಿರುಗಿದಳು. "ಭಟ್ರು ಇಲ್ಲಿ ಕೂತು ಸ್ವರ್ಗ ಹೀಗುಂಟು, ನರಕ ಹಾಗುಂಟು ಅಂತ ಹೇಳ್ತಾರಲ್ಲ, ಹೋಗಿ ನೋಡಿ ಬಂದಿದ್ದಾರಾ? ಅವರ ಎಲೆಗೆ ನಾನು ಪಾಯಸ ಬಡಿಸುವುದಿಲ್ವಾ? ಇವರು ಹೇಳಿದ್ದರಿಂದ ಒಂದು ಹುಡುಗನ ಕಾಲಿಗೆ ಎಣ್ಣೆ ಹೋಯ್ತು. ಯಾರದೋ ಅತ್ತೆ ಮೆಟ್ಟಿಲು ಹತ್ತಿದಳು. ಎಂಥ ಮುಖ ಮಾಡಿಕೊಂಡು ಕೂತಿದ್ದಿ ನೀನು? ಹೋಗಿ ಚಾ ತಾ."

ನಾನು ಹೋಗಿ ಚಾ ತಂದೆ. ಮೋನಾಕ ಕುಡಿದರು. ಬಸ್ಸು ಸಿದ್ದಕಟ್ಟೆ ದಾಟಿತು. ಆಮೇಲೆ ನಾನು, "ಆ ಆಲ್ಬರ್ಟ್ ಹೇಗಿದ್ದಾನೆ ಈಗ?" ಎಂದು ಕೇಳಿದೆ. ಬಂಟ್ವಾಳ ಬರುವವರೆಗೂ ಅವರು ಆಲ್ಬರ್ಟನ ಕತೆಯನ್ನೇ ಹೇಳಿದರು. ಅದೂ ಓಟದಷ್ಟೇ ಚೆನ್ನಾಗಿತ್ತು.

ಹರಕೆ ತೀರಿಸುವುದು ಬಾಕಿಯಿತ್ತು. ದೊಡ್ಡಮ್ಮ ಅಕ್ಕಸಾಲಿಯಲ್ಲಿಗೆ ಹೋಗಿ ಬೆಳ್ಳಿಯ ಎಡಗಾಲು ಮಾಡಿಸಿದಳು. ಒಂದು ಭತ್ತದ ಕಾಳಿನಷ್ಟು ಗಿಡ್ಡ ಮಾಡಲು ಹೇಳಿದಳಂತೆ, ದೇವರಿಗೆ ಸುಳ್ಳು ಲೆಕ್ಕ ಒಪ್ಪಿಸಬಾರದು ಎಂದು. ದೇವಸ್ಥಾನದಲ್ಲಿ ಅರ್ಚಕರು ಸಂಕಲ್ಪಕ್ಕೆ ಹೆಸರು ಕೇಳಿದರು. ಟೆಡ್ ಎಂದಳು. ನಕ್ಷತ್ರ ಕೇಳಿದರು.

"ಬಿದ್ದ ದಿನದ್ದು ಹಾಕಿ" ಎಂದಳು.

"ಗೋತ್ರ?"

"ಅದು ನಿಮಗೆ ಗೊತ್ತಿರುವ ಒಳ್ಳೆಯ ಗೋತ್ರ ಯಾವುದಾದ್ರೂ ಹಾಕಿ ಸ್ವಾಮಿ. ಅವನೇನೂ ಬೇಡ ಅಂತ ಹೇಳ್ಲಿಕ್ಕಿಲ್ಲ."

ಅರ್ಚಕರು ಹಾಕಿದರು. ಇಂಗ್ಲೆಂಡಿನ ಒಬ್ಬ ಬಸ್ ಡ್ರೈವರು ತನಗೆ ತಿಳಿಯದೆಯೇ ಅಂದು ಕಾಶ್ಯಪ ಗೋತ್ರದವನಾದ.

ಅದಾದ ಮೇಲೆ ಕೊಕ್ಕರೆ ತಂಡವಿಲ್ಲದ ಪತ್ರಿಕೆಗಳನ್ನೂ ನಾವು ಓದುತ್ತಾ ಬಂದೆವು. ಒಂದೊಂದಾಗಿ ಅಲ್ಲಿಯ ಓಟದ ಜಾಗಗಳು ಮುಚ್ಚಿದವು. ಇನ್ನು ಈ ಆಟ ಸತ್ತೇಹೋಯಿತು ಎಂದು ಆಲ್ಬರ್ಟ್ ಬರೆದ. ಅರವತ್ತರ ದಶಕದ ನಡುವೆ ಅದು ಹೇಗೋ ಮತ್ತೆ ಎದ್ದು ಕುಳಿತಿತು. ಆ ಸುದ್ದಿ ಓದಿದ ವರ್ಷ ಮೋನಾಕ ಒಂದು ದಿನ ಅಂಗಡಿಯನ್ನು ತಮ್ಮನಿಗೆ ವಹಿಸಿ, ನನ್ನ ಮನೆಗೆ ಬಂದು, ಹಳೆಯ ಕಂಪೆನಿಯ ಹಡಗಿನಲ್ಲಿ ಒಂದು ಸಲದ ಮಟ್ಟಿಗೆ ಕೆಲಸ ಸಿಕ್ಕಿದೆ ಎಂದರು. ಐವತ್ತು ದಾಟಿತ್ತು, ಕಾಲು ಮೊದಲಿಗಿಂತ ಹೆಚ್ಚು ಕುಂಟುತ್ತಿತ್ತು.

"ಯಾವ ತಿಂಗಳಲ್ಲಿ ತಲಪುವುದು?" ಎಂದು ಕೇಳಿದೆ.

"ಜುಲಾಯಿ" ಎಂದರು, ಮೆಲ್ಲನೆ.

ಆಗಸ್ಟಿನಲ್ಲಿ ಒಂದು ಚಿತ್ರದ ಕಾರ್ಡು ಬಂತು. ಚಿತ್ರ ಶಿಲುಬೆಯಿದ್ದ ಯಾವುದೋ ಇಗರ್ಜಿಯದ್ದು. ಹಿಂದೆ ನಾಲ್ಕನೇ ಕ್ಲಾಸಿನ ಗುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದಿದ್ದರು. ನಾನು ಅದನ್ನು ಮೂಡಬಿದ್ರೆಗೆ ತೆಗೆದುಕೊಂಡು ಹೋಗಿ, ಒಂದು ಗೆರೆಯನ್ನೂ ನುಂಗದೆ ದೊಡ್ಡಮ್ಮನಿಗೆ ಓದಿದೆ.

'ಮಾಷ್ಟ್ರಿಗೂ ಅಮ್ಮನಿಗೂ ಸಲಾಂ. ನೋಡಿದೆ. ಆಲ್ಬರ್ಟ್ ಜೊತೆಗಿದ್ದ. ಅವನು ಈಗ ಗಾಲಿಕುರ್ಚಿಯಲ್ಲಿ, ಅದಕ್ಕೂ ಬ್ರೇಕ್ ಸರಿ ಇಲ್ಲ. ನಮ್ಮ ಕೊಕ್ಕರೆಯ ಜಾಗದಲ್ಲಿ ಮನೆಗಳು ಆಗಿವೆ, ಹಾಗಾಗಿ ಬಸ್ಸಿನಲ್ಲಿ ಬೇರೆ ಊರಿಗೆ ಹೋದೆವು. ಒಂದು ಓಟ ಒಂದು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ, ಕಣ್ಣು ಮುಚ್ಚಿ ತೆರೆಯುವಾಗ ಆಗಿಯೇ ಹೋಗುತ್ತದೆ. ನಾವು ಫರಂಗಿಪೇಟೆಯಲ್ಲಿ ಓಡಿಸುತ್ತಿದ್ದದ್ದೇ ಚೆಂದ. ಆಲ್ಬರ್ಟನಿಗೂ ಹಾಗೆಯೇ ಕಂಡಿತು. ಎರಡನೆಯ ತಿರುವಿನಲ್ಲಿ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು, ಬೂದಿ ಬಿದ್ದು.'

ದೊಡ್ಡಮ್ಮ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು. ಸೆರಗಿನಿಂದ ಮೂಗು ಒರಸಿಕೊಂಡಳು.

"ಬೂದಿಯಂತೆ" ಎಂದು ಹೇಳಿ, ಒಲೆ ನೋಡಲು ಒಳಗೆ ಹೋದಳು.